ಕ್ಯಾಪ್ಸೂಲ್ ಮೊಸರು

ಹೆಪ್ಪಿಗೆಂದು ಎತ್ತಿಟ್ಟಿದ್ದ ಎರಡು ಚಮಚ ಮೊಸರನ್ನು ಚಂದ್ರಶೇಖರ ಬುಧವಾರದ ಊಟದಲ್ಲಿ ನೆಕ್ಕಿ ಮುಗಿಸದೇ ಇದ್ದಿದ್ದರೆ, ಗುರುವಾರವು ಜಲಜಾಳ ಪಾಲಿಗೆ ಬರೀ ಒಂದು ಗುರುವಾರವಾಗಿ ಕಳೆದುಹೋಗುತ್ತಿತ್ತು.

"ಇದು ಹೆಪ್ಪಿಂದು ಅಂತ ಬಟ್ಟಲ ಮ್ಯಾಲೆ ಬರದಿತ್ತೇನು?" ಎಂದು ಅವನು ಬೆರಳು ನೆಕ್ಕುತ್ತಲೇ ಕೇಳಿದ.

ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ ಹೆಂಗಸಿಗೆ ಇಂಥ ಪ್ರಶ್ನೆ ಹೊಸತಲ್ಲ. ಜಲಜಾ ಫ್ರಿಜ್ಜಿನ ಬಾಗಿಲು ತೆಗೆದು ನಿಂತಳು. ಮೊಟ್ಟೆಯಿಡುವ ಗೂಡುಗಳಲ್ಲಿ ಮೊಟ್ಟೆಯ ಬದಲು ಸಾಲಾಗಿ ಕೂತಿದ್ದವು ಅವಳ ಪ್ರೊಬಯೋಟಿಕ್ ಕ್ಯಾಪ್ಸೂಲುಗಳು. "ಇದರಲ್ಲಿರೋದು ಮೊಸರಿನ ಜಾತಿಯ ಒಳ್ಳೆಯ ಬ್ಯಾಕ್ಟೀರಿಯಾ" ಎಂದು ಡಾಕ್ಟರು ಹೇಳಿದ್ದು ನೆನಪಾಯಿತು. ಮೊಸರಿನ ಜಾತಿಯವರಾದರೆ ಮನೆತನದ ಕಸುಬು ಮರೆತಿರಲಾರರು ಎನ್ನಿಸಿ, ಎರಡು ಕ್ಯಾಪ್ಸೂಲು ಬಿಚ್ಚಿ ಉಗುರುಬೆಚ್ಚಗಿನ ಹಾಲಿಗೆ ಉದುರಿಸಿ ಮುಚ್ಚಿಟ್ಟಳು.

ಬೆಳಿಗ್ಗೆ ತೆಗೆದು ನೋಡಿದರೆ ಮೊಸರು ಕೆನೆಗಟ್ಟಿ, ಹೊಸದಾಗಿ ಸಾರಿಸಿದ ಅಂಗಳದ ಹಾಗೆ ನುಣ್ಣಗೆ ಕೂತಿತ್ತು. ಪಾತ್ರೆ ಓರೆ ಮಾಡಿದರೂ ಜಪ್ಪಯ್ಯ ಅನ್ನಲಿಲ್ಲ. ಅಹಮದಾಬಾದಿನ ಮೇ ತಿಂಗಳ ಸೆಕೆಯೂ ಸಹಾಯ ಮಾಡಿರಬಹುದು. ಆದರೂ ಜಲಜಾಗೆ ಎದೆ ಉಬ್ಬಿತು. ಎರಡು ತಿಂಗಳಿಂದ ಅವಳ ಹೊಟ್ಟೆಯ ವಿಷಯದಲ್ಲಿ ನಡೆದ ಮೊದಲ ಶುಭಕಾರ್ಯ ಅದು.

ಎರಡು ತಿಂಗಳ ಕೆಳಗೆ ಎದೆಯುರಿ, ಹೊಟ್ಟೆನೋವು ಎಂದು ಹೋದವಳಿಗೆ ಡಾಕ್ಟರು, "ನಿಮ್ಮ ಜಠರದಲ್ಲಿ ಎಚ್. ಪೈಲೋರಿ ಅನ್ನೋ ಬ್ಯಾಕ್ಟೀರಿಯಾ ಮನೆ ಮಾಡಿದೆ" ಎಂದಿದ್ದರು. ಹದಿನಾಲ್ಕು ದಿನ ಹಗಲೂ ರಾತ್ರಿ ಗುಳಿಗೆ. ಬಾಯಿಗೆ ತುಕ್ಕು ಹಿಡಿದ ಮೊಳೆಯ ರುಚಿ. ಗುಳಿಗೆಯ ಹೊಡೆತಕ್ಕೆ ಹೊಟ್ಟೆ ಕೆಡದಿರಲಿ, ಔಷಧಕ್ಕೆ ಸ್ವಲ್ಪ ಬಲವೂ ಬರಲಿ ಎಂದು ಜೊತೆಗೆ ಈ ಕ್ಯಾಪ್ಸೂಲು. ಉಪ್ಪು ಹುಳಿ ಖಾರ ಯಾವುದೂ ಇಲ್ಲದೆ ಎರಡು ತಿಂಗಳು ಖಿಚಡಿ. ಗುಳಿಗೆ ಮುಗಿದು ನಾಲ್ಕು ವಾರ ಕಳೆದ ಮೇಲೆ ಉಸಿರಿನ ಪರೀಕ್ಷೆ. ಬ್ಯಾಕ್ಟೀರಿಯಾ ಹೋಗಿದ್ದರೆ ಬಿಡುಗಡೆ. ಇದ್ದರೆ ಬೇರೆ ಗುಳಿಗೆ, ಮತ್ತೆ ಹದಿನಾಲ್ಕು ದಿನ, ಮತ್ತೆ ಖಿಚಡಿ.

ಆ ಪರೀಕ್ಷೆ ಇವತ್ತು ಮಧ್ಯಾಹ್ನ ಮೂರಕ್ಕೆ. ಬೆಳಿಗ್ಗೆ ಒಂಬತ್ತರ ನಂತರ ಏನೂ ತಿನ್ನುವಂತಿಲ್ಲ. ತಿಂದರೆ ಇವತ್ತಿನ ಸರದಿ ಹೋಯಿತು. ಮುಂದಿನದು ಇನ್ನೂ ಮೂರು ವಾರಕ್ಕೆ.

ಎಂಟೂವರೆಗೆ ಹುಬ್ಬಳ್ಳಿಯಿಂದ ಅಕ್ಕ ಗೌರಮ್ಮನ ಫೋನು ಬಂತು.

"ಏನ ಜಲಜಾ, ರಂಜಕ ಮುಟ್ಟೀಯೇನ?"

"ಇಲ್ಲಕ್ಕಾ. ಮುಚ್ಚಳಾ ಸುದ್ದಾ ತಗದಿಲ್ಲ."

"ರಿಪೋರ್ಟ್ ಚಲೋ ಬಂತಂದ್ರ ಇವತ್ತ ಮುಟ್ಟು. ಬರೇ ಒಂದು ಚಮಚಾ. ಒಮ್ಮೆಲೆ ಬಕಾಬಕಾ ತಿನಬ್ಯಾಡ."

ಹಸಿ ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ, ಮೆಂತೆ ಹಾಕಿ ರುಬ್ಬಿ, ನಿಂಬೆರಸ ಹಿಂಡಿದ ಆ ರಂಜಕದ ಭರಣಿ ಫ್ರಿಜ್ಜಿನ ಅತಿ ಹಿಂದಿನ ಮೂಲೆಯಲ್ಲಿತ್ತು. ಗೌರಮ್ಮ ಅದನ್ನು ಕಳಿಸಿದ ವಾರವೇ ಡಾಕ್ಟರು ಜಲಜಾಳ ಬಾಯಿಗೆ ಬೀಗ ಹಾಕಿದ್ದರು. ದಿನಾ ಹಾಲು ತೆಗೆಯುವಾಗ ಅದು ಕಣ್ಣಿಗೆ ಬೀಳುತ್ತಿತ್ತು. ದಿನಾ ಅವಳು ಅದನ್ನು ಇನ್ನೊಂದು ಬೆರಳಿನಷ್ಟು ಹಿಂದಕ್ಕೆ ತಳ್ಳುತ್ತಿದ್ದಳು. ಇವತ್ತು ಸಂಜೆ ಬಿಸಿ ಜೋಳದ ರೊಟ್ಟಿ, ಮೇಲೆ ರಂಜಕ, ಅದರ ಮೇಲೆ ಎಣ್ಣೆ. ಅದನ್ನು ನೆನೆದರೆ ಸಾಕು, ಕಿವಿಯ ಬುಡದಲ್ಲಿ ನೀರೂರುತ್ತಿತ್ತು. ಜೋಳದ ಹಿಟ್ಟನ್ನು ಗಲ್ಲಿ ಗಲ್ಲಿ ಹುಡುಕಿ ತಂದಿಟ್ಟಿದ್ದಳು.

ಆದರೆ ಈ ಸಂಗತಿಯನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಗಂಡನಿಗೆ ಏನು ಬೇಕು, ಮಗಳಿಗೆ ಏನು ಬೇಕು ಎಂದು ಹೇಳುವಾಗ ಸಲೀಸಾಗಿ ಹೊರಳುವ ನಾಲಿಗೆ, ತನಗೆ ಏನು ಬೇಕು ಎನ್ನುವಾಗ ಮಡಚಿಕೊಳ್ಳುತ್ತಿತ್ತು. ನಲವತ್ತೆಂಟು ವರ್ಷದ ಹೆಂಗಸು ಒಂದು ಚಮಚ ಚಟ್ನಿಗಾಗಿ ದಿನ ಎಣಿಸುತ್ತಿದ್ದಾಳೆ ಎಂದರೆ ಕೇಳಿದವರು ನಗುವುದಿಲ್ಲವೇ?

ಚಂದ್ರಶೇಖರ ನರೋಡಾದ ಬ್ಯಾಂಕಿಗೆ ಹೊರಟ. ಬೋಪಾಲ್‌ನಿಂದ ನರೋಡಾ ಎಂದರೆ ಊರಿನ ಈ ತುದಿಯಿಂದ ಆ ತುದಿ. "ಎರಡೂವರಿಗೆ ಬಂದು ಕರಕೊಂಡ ಹೋಗ್ತೀನಿ, ಕಾಳಜಿ ಮಾಡಬ್ಯಾಡ" ಎಂದು ಹೇಳಿ ಹೋದ. ಜಲಜಾ ಎಂಟು ಐವತ್ತಕ್ಕೆ ಗಂಜಿ ಕುಡಿದು, ಬಾಯಿ ಒರೆಸಿ, ಪರೀಕ್ಷೆಗೆ ಕೂತ ಹುಡುಗಿಯ ಹಾಗೆ ಗಡಿಯಾರ ನೋಡಿದಳು.

ಒಂಬತ್ತೂ ಹತ್ತಕ್ಕೆ ಕರೆಗಂಟೆ ಸದ್ದು ಮಾಡಿತು.

ಎದುರು ಮನೆಯ ಕೃಪಾಬೆನ್. ಕೈಯಲ್ಲಿ ಸ್ಟೀಲಿನ ಪುಟ್ಟ ವಾಟಕಿ. ಅಕ್ಕಪಕ್ಕದ ಮನೆಗಳ ನಡುವೆ ಈ ವಾಟಕಿ ಎಂಬ ಬಟ್ಟಲು ಓಡಾಡುವುದು ಇಲ್ಲಿನ ಪದ್ಧತಿ. ತುಂಬಿ ಬಂದದ್ದು ಖಾಲಿ ಹೋಗಬಾರದು. ಏನಾದರೊಂದು ಹಾಕಿಯೇ ಹಿಂದಿರುಗಿಸಬೇಕು.

"ಜಲಜಾಬೆನ್, ಹೆಪ್ಪು ಇದೆಯಾ? ನಮ್ಮ ಬಾ ಎಲ್ಲಾನೂ ಮಜ್ಜಿಗೆ ಮಾಡಿ ಕುಡಿದುಬಿಟ್ಟರು" ಎಂದರು ಕೃಪಾಬೆನ್, ಗುಜರಾತಿ ರಾಗದ ಹಿಂದಿಯಲ್ಲಿ. ಬಾ ಎಂದರೆ ಅವರ ಅತ್ತೆ. ಎಂಬತ್ತರ ಮುದುಕಿ, ನಾಲಿಗೆ ಮಾತ್ರ ಹದಿನೆಂಟರದು.

ಜಲಜಾ ಮೊಸರನ್ನು ತಂದು ತೋರಿಸಿದಳು. ಸುಮ್ಮನೆ ಎರಡು ಚಮಚ ಹಾಕಿ ಕೊಟ್ಟಿದ್ದರೆ ಆಗುತ್ತಿತ್ತು. ಆದರೆ ಎರಡು ತಿಂಗಳು ರೋಗಿಯಾಗಿದ್ದವಳಿಗೆ ಒಮ್ಮೆ ಜಾಣೆಯಾಗುವ ಆಸೆ.

"ಇದಕ್ಕೆ ಹೆಪ್ಪು ಹಾಕಿಲ್ಲ ಕೃಪಾಬೆನ್. ನನ್ನ ಹೊಟ್ಟೆಗೆ ಡಾಕ್ಟರು ಕೊಟ್ಟ ಕ್ಯಾಪ್ಸೂಲು ಹಾಕಿದ್ದು!"

ಕೃಪಾಬೆನ್ ಕಣ್ಣು ಅರಳಿದವು. "ಹೊಟ್ಟೆಯ ಕ್ರಿಮಿ ಕೊಲ್ಲೋ ಕ್ಯಾಪ್ಸೂಲಾ?"

"ಕೊಲ್ಲೋದು ಬೇರೆ ಗುಳಿಗೆ. ಇದು ಬರೇ ಸಹಾಯ ಮಾಡ್ತದ..."

ಅಷ್ಟರಲ್ಲಿ ಕೃಪಾಬೆನ್ ಮೊಬೈಲು ತೆಗೆದು ಮೊಸರಿನ ಫೋಟೋ ಹೊಡೆದಾಗಿತ್ತು. ಅವರು ಅಪಾರ್ಟ್‌ಮೆಂಟಿನ ಮಹಿಳಾ ಮಂಡಳದ ಅಧ್ಯಕ್ಷೆ. ಅವರ ಬೆರಳಿಗೆ ಸಿಕ್ಕ ಸುದ್ದಿ ಲಿಫ್ಟಿಗಿಂತ ಮೊದಲು ಹದಿಮೂರನೇ ಮಹಡಿ ಮುಟ್ಟುತ್ತಿತ್ತು. ಬಾಗಿಲು ಹಾಕುವ ಮೊದಲೇ ಜಲಜಾಳ ಮೊಬೈಲೂ ಕಿಣಿಕಿಣಿ ಎಂದಿತು. ಗುಂಪಿನಲ್ಲಿ ಅವಳದೇ ಮೊಸರು. ಕೆಳಗೆ, 'ಜಲಜಾಬೆನ್ ಅವರ ಡಾಕ್ಟರ್ ಮೊಸರು. ಆಸಿಡಿಟಿಗೆ ರಾಮಬಾಣ. ಮೊದಲು ಬಂದವರಿಗೆ ಮೊದಲು.'

ಬೋಪಾಲ್‌ನ ಆ ನಾಲ್ಕು ಗೋಪುರಗಳಲ್ಲಿ ಆಸಿಡಿಟಿ ಇಲ್ಲದವರು ಯಾರು? ಭಾನುವಾರ ಎಣ್ಣೆಯಲ್ಲಿ ಕರಿದ ಫಾಫಡಾ, ಸೋಮವಾರ ಅದರ ಪಶ್ಚಾತ್ತಾಪ. ಹತ್ತು ಗಂಟೆಯ ಹೊತ್ತಿಗೆ ಜಲಜಾಳ ಬಾಗಿಲಲ್ಲಿ ಮೂರು ಜೊತೆ ಚಪ್ಪಲಿ. ಒಬ್ಬರ ಕೈಯೂ ಖಾಲಿಯಿರಲಿಲ್ಲ. ಹೆಪ್ಪು ಕೇಳಲು ಬರುವವರು ಬರೀ ಬಟ್ಟಲು ಹಿಡಿದು ಬಂದರೆ ಮರ್ಯಾದೆಯೇ? ಒಂದರಲ್ಲಿ ಖಾಂಡವಿ, ಒಂದರಲ್ಲಿ ಪಾತ್ರಾ, ಒಂದರಲ್ಲಿ ಬಿಸಿ ಹಾಂಡವೋ. ಎಳ್ಳು ಸಾಸಿವೆಯ ಒಗ್ಗರಣೆಯ ವಾಸನೆ ಮನೆ ತುಂಬಿ, ಜಲಜಾಳ ಹಸಿದ ಹೊಟ್ಟೆ ಕಟ್ಟಿಹಾಕಿದ ಕರುವಿನ ಹಾಗೆ ಅರಚಿತು.

"ತಿನ್ನಿ ಜಲಜಾಬೆನ್, ಬಿಸಿಯಿದೆ."

"ಇಲ್ಲ, ಇವತ್ತು ಉಪವಾಸ" ಎಂದಳು ಜಲಜಾ. ಪರೀಕ್ಷೆಯ ಕತೆ ಹೇಳುವುದಕ್ಕಿಂತ ಚಿಕ್ಕದಾಗಿ ಮುಗಿಯಲಿ ಎಂದು ಆರಿಸಿಕೊಂಡ ಮಾತು.

ಅದೇ ತಪ್ಪಾಯಿತು. ಈ ಊರಿನಲ್ಲಿ ಉಪವಾಸ ಎಂದರೆ ತಿನ್ನದಿರುವುದಲ್ಲ, ಬೇರೆಯದನ್ನು ತಿನ್ನುವುದು. "ಅಯ್ಯೋ, ಮೊದಲೇ ಹೇಳಬಾರದಾ!" ಎಂದು ಆರನೇ ಮಹಡಿಯವರು ಓಡಿ, ತಮ್ಮ ಮಹಡಿಯ ಇನ್ನಿಬ್ಬರನ್ನು ಎಬ್ಬಿಸಿದರು. ಹತ್ತೇ ನಿಮಿಷದಲ್ಲಿ ಒಬ್ಬರದು ಸಾಬುದಾಣೆ ಖಿಚಡಿ, ಇನ್ನೊಬ್ಬರದು ರಾಜಗಿರಿಯ ಶಿರಾ. ಉಪವಾಸದ ಫರಾಳದ ಬಟ್ಟಲುಗಳು ಮೇಜಿನ ಮೇಲೆ ಮದುವೆಯ ದಿಬ್ಬಣದ ಹಾಗೆ ಬಂದು ಕೂತವು.

"ಇದು ನಿಮ್ಮ ಉಪವಾಸಕ್ಕೆ ನಡೆಯುತ್ತೆ, ತಿನ್ನಿ!"

"ನಮ್ಮ ಕಡೆ ಉಪವಾಸಕ್ಕೆ ಇದೂ ನಡಿಯೂದಿಲ್ಲ" ಎಂದು ಜಲಜಾ ತೊದಲಿದಳು.

"ಎಂಥ ಕಠಿಣ ದೇವರಪ್ಪ ನಿಮ್ಮದು!" ಎಂದು ಅವರು ಕೆನ್ನೆ ಬಡಿದುಕೊಂಡರು.

ಹನ್ನೊಂದಕ್ಕೆ ಬಂದವಳು ಕಮಲಾಕ್ಷಿ. ಸಿ ಬ್ಲಾಕಿನವಳು, ಶಿವಮೊಗ್ಗದವಳು, ಗಂಡ ವಿಮಾ ಕಂಪನಿಯಲ್ಲಿ. ಕನ್ನಡ ಸಂಘದ ಕಾರ್ಯದರ್ಶಿಯಾದ್ದರಿಂದ ಎಲ್ಲದರ ಬಗ್ಗೆಯೂ ಅವಳಿಗೆ ಒಂದು ಠರಾವು ಇರುತ್ತಿತ್ತು.

"ಏನ್ರೀ ಜಲಜಾ, ಗುಜರಾತಿಗಳಿಗೆಲ್ಲ ಮೊಸರು ಹಂಚ್ತೀರಿ, ನಮ್ಮೋರ ನೆನಪಿಲ್ವಾ? ಗುಂಪಲ್ಲಿ ಓದಿ ಗೊತ್ತಾಗ್ಬೇಕಾ ನಂಗೆ?"

"ಹಂಗಲ್ಲ ಕಮಲಾಕ್ಷಿ, ಅವರು ತಾವಾಗೇ ಬಂದಾರ..."

"ನಂಗೂ ಹಾಕಿ. ನಮ್ಮನೆಯವ್ರ ತೇಗು ಕೇಳಿ ಕೇಳಿ ಸಾಕಾಗಿದೆ. ರಾತ್ರಿ ಕಿಟಕಿ ಗಾಜು ಅದುರತ್ತೆ."

ಕಮಲಾಕ್ಷಿಯ ಬಟ್ಟಲಲ್ಲಿ ಅವಲಕ್ಕಿ ಇತ್ತು. ಜಲಜಾ ಅವಳ ಕಿವಿಯಲ್ಲಿ ನಿಜ ಹೇಳಿದಳು. "ಮೂರಕ್ಕ ಪರೀಕ್ಷಾ ಅದ. ಹೊಟ್ಟಿ ಖಾಲಿ ಇರಬೇಕು. ಇವರಿಗೆ ತಿಳಿಸಿ ಹೇಳ್ರಿ."

ಕಮಲಾಕ್ಷಿ ತಿಳಿಸಿ ಹೇಳಿದಳು. ಹಾಗೆ ಹೇಳುವಾಗ 'ಹೊಟ್ಟೆಯ ಬ್ಯಾಕ್ಟೀರಿಯಾ', 'ಪರೀಕ್ಷೆ', 'ಎರಡು ತಿಂಗಳ ಕಷ್ಟ' ಎಂಬುದನ್ನೆಲ್ಲ ಎಷ್ಟು ಮನಮುಟ್ಟುವಂತೆ ವರ್ಣಿಸಿದಳೆಂದರೆ, ಕೃಪಾಬೆನ್ ಕಣ್ಣಲ್ಲಿ ನೀರು ತುಂಬಿತು. ಅವರು ತಮ್ಮ ಮನೆಗೆ ಓಡಿ, ಆಗಷ್ಟೇ ಹಬೆಯಿಂದಿಳಿದ ಢೋಕಳಾ ತಂದರು.

"ಪಾಪ, ಎಷ್ಟು ಸೊರಗಿದ್ದೀರಿ! ಒಂದೇ ಒಂದು ತುಣುಕು. ಹೂವಿನಂತಿದೆ, ಯಾವ ಮಶೀನಿಗೂ ಗೊತ್ತಾಗಲ್ಲ" ಎಂದವರೇ, ಜಲಜಾ "ಬೇಡ" ಎನ್ನಲು ಬಾಯಿ ತೆರೆದ ಕ್ಷಣವನ್ನೇ ಹಿಡಿದು ಢೋಕಳಾ ಒಳಗಿಟ್ಟುಬಿಟ್ಟರು.

ಏಳು ಜನ ಹೆಂಗಸರು ಅವಳ ಬಾಯಿಯನ್ನೇ ನೋಡುತ್ತಿದ್ದರು. ಜಲಜಾ ತುಣುಕನ್ನು ಎಡಗೆನ್ನೆಗೆ ತಳ್ಳಿದಳು. ಅದು ಅಲ್ಲಿ ಕರಗತೊಡಗಿತು. ಎರಡು ತಿಂಗಳ ನಂತರ ನಾಲಿಗೆಗೆ ಸಿಕ್ಕ ಉಪ್ಪು, ಹುಳಿ, ಹಸಿಮೆಣಸು! ಇಡೀ ದೇಹ "ನುಂಗು" ಎಂದು ಕೂಗಿತು. ಅವಳು ಕೆನ್ನೆಯನ್ನು ಹಲ್ಲುನೋವಿನವಳ ಹಾಗೆ ಹಿಡಿದು, ಮೂಗಿನಿಂದಲೇ "ಹ್ಞೂಂ, ಹ್ಞೂಂ" ಎಂದು ಮೆಚ್ಚಿ, ಬಚ್ಚಲಿಗೆ ಓಡಿದಳು. ಉಗುಳಿದಳು. ಮುಕ್ಕಳಿಸಿದಳು. ಮತ್ತೆ ಮತ್ತೆ ಮುಕ್ಕಳಿಸಿದಳು. ಕನ್ನಡಿಯಲ್ಲಿ ತನ್ನ ಮುಖ ನೋಡಿ, "ನಾಕು ತಾಸು, ಬರೇ ನಾಕು ತಾಸು" ಎಂದು ಅದಕ್ಕೆ ಸಮಾಧಾನ ಹೇಳಿದಳು.

ಹೊರಗೆ ಬಂದಾಗ ಕೃಪಾಬೆನ್ ಗೆದ್ದ ನಗೆ ನಗುತ್ತಿದ್ದರು. "ಹೇಗಿತ್ತು?"

"ಬಹಳ ಚಲೋ ಇತ್ತು" ಎಂದಳು. ಅದು ಸುಳ್ಳಲ್ಲ.

ಒಂದು ಗಂಟೆಗೆ ಮೊಸರು ಮುಗಿಯಿತು. ಪಾತ್ರೆಯ ತಳ ಕೆರೆದ ಸೌಟಿನ ಸದ್ದಿಗೆ ಹೆಂಗಸರೆಲ್ಲ ನಿಟ್ಟುಸಿರಿಟ್ಟರು. ಸಿಕ್ಕವರು ಸಿಕ್ಕಷ್ಟನ್ನು ಜಲಜಾಳದೇ ಲೋಟಗಳಲ್ಲಿ ಮುಚ್ಚಿಕೊಂಡು ಮನೆಗೆ ಹೋದರು. ತಿಂಡಿ ತಂದ ಏಳು ವಾಟಕಿಗಳು ಮೇಜಿನ ಮೇಲೆಯೇ ಉಳಿದವು.

ಎರಡು ಇಪ್ಪತ್ತಕ್ಕೆ ಚಂದ್ರಶೇಖರನ ಫೋನು. "ಜಲಜಾ, ಆಡಿಟ್‌ನವರು ಒಮ್ಮೆಲೆ ಬಂದು ಕೂತಾರ. ಆಟೋ ಮಾಡ್ಕೊಂಡು ಹೋಗತೀಯೇನು?"

"ಕಾಳಜಿ ಮಾಡಬ್ಯಾಡ ಅಂದಿದ್ರೆಲ್ಲ?"

"ಈಗೂ ಅದನ್ನಽ ಅನ್ನಾಕತ್ತೀನಿ. ಕಾಳಜಿ ಮಾಡಬ್ಯಾಡ, ಆಟೋ ಮಾಡು."

ನಲವತ್ನಾಲ್ಕು ಡಿಗ್ರಿ ಬಿಸಿಲಿನಲ್ಲಿ ಬೋಪಾಲ್‌ನ ಆಟೋದವರು ಬೇವಿನ ನೆರಳಲ್ಲಿ ಮಲಗಿದ್ದರು. ಮೊಬೈಲಿನಲ್ಲಿ ಕರೆದ ಕ್ಯಾಬು ಎರಡು ಸಲ ಬರುತ್ತೇನೆಂದು ಎರಡು ಸಲ ಕೈಕೊಟ್ಟಿತು. ಲಿಫ್ಟಿನ ಮುಂದೆ ಚಡಪಡಿಸುತ್ತಿದ್ದವಳನ್ನು ಕಂಡು ಕೃಪಾಬೆನ್ ಸ್ಕೂಟರಿನ ಕೀಲಿ ಕುಣಿಸುತ್ತ ಹೊರಬಂದರು. ಮುಖಕ್ಕೆ ದುಪಟ್ಟಾ ಸುತ್ತಿ, ಕಪ್ಪು ಕನ್ನಡಕ ಹಾಕಿ, ಮೊಣಕೈವರೆಗೆ ಕೈಗವಸು ತೊಟ್ಟು, ಯುದ್ಧಕ್ಕೆ ಹೊರಟವರ ಹಾಗಿದ್ದರು.

"ಕೂತ್ಕೊಳ್ಳಿ ಜಲಜಾಬೆನ್. ಹತ್ತು ನಿಮಿಷ!"

ಲಿಫ್ಟಿನ ಬಾಗಿಲು ಮುಚ್ಚುವಾಗ ಜಲಜಾ ಬಟ್ಟಲುಗಳ ನೆನಪಾಗಿ ಮಗಳನ್ನು ಕೂಗಿದಳು. ಹತ್ತನೇ ತರಗತಿ ಮುಗಿಸಿ ರಜೆಯಲ್ಲಿದ್ದ, ಅಪ್ಪನ ವರ್ಗಾವಣೆಯ ಊರುಗಳಲ್ಲಿ ಹಿಂದಿ ಬೆರೆತ ಕನ್ನಡ ಕಲಿತಿದ್ದ ಅಪೂರ್ವ ಬೆಳಗಿನಿಂದ ಕಿವಿಗೆ ಇಯರ್‌ಫೋನ್ ತುರುಕಿಕೊಂಡು ಕೋಣೆಯಲ್ಲೇ ಇದ್ದವಳು, ಈಗಷ್ಟೇ ಬಾಗಿಲು ಹಾಕಲು ಎದ್ದು ಬಂದಿದ್ದಳು.

"ಅಪೂರ್ವಾ! ಆ ತಿಂಡಿ ಡಬ್ಬಿಗೆ ತಗದು ವಾಟಕಿ ಎಲ್ಲಾರ ಮನಿಗೆ ಕೊಟ್ಟ ಬಾ! ಖಾಲಿ ಕೊಡಬ್ಯಾಡ..."

"ಹಾಂ ಅಮ್ಮಾ, ಪತಾ ಹೈ!"

ದಾರಿಯುದ್ದಕ್ಕೂ ಕೃಪಾಬೆನ್ ಸಿಗ್ನಲ್ಲು, ಹಸು, ಒಂಟೆಗಾಡಿ ಎಲ್ಲವನ್ನೂ ಒಂದೇ ಉಸಿರಿಗೆ ದಾಟಿದರು. ಎರಡು ಐವತ್ತೆಂಟಕ್ಕೆ ಲ್ಯಾಬು. ಅಲ್ಲಿದ್ದ ಅರ್ಚಿತಾ ಎಂಬ ಹುಡುಗಿ ಫಾರಮ್ಮು ಹಿಡಿದು ಕೇಳಿದಳು.

"ಬೆಳಿಗ್ಗೆ ಒಂಬತ್ತರಿಂದ ಏನಾದರೂ ತಿಂದಿದ್ದೀರಾ?"

"ಇಲ್ಲ" ಎಂದಳು ಜಲಜಾ.

"ಒಂದು ಢೋಕಳಾ ತಿಂದಿದ್ದಾರೆ" ಎಂದರು ಕೃಪಾಬೆನ್, ಪ್ರಾಮಾಣಿಕತೆಯ ಮೂರ್ತಿಯಾಗಿ. "ನಾನೇ ತಿನ್ನಿಸಿದೆ. ಆದರೆ ಬಹಳ ಹಗುರ, ಸೋಡಾ ಸಹ ಕಡಿಮೆ ಹಾಕಿದ್ದೆ."

ಅರ್ಚಿತಾ ಪೆನ್ನು ಕೆಳಗಿಟ್ಟಳು. "ಹಾಗಾದರೆ ಇವತ್ತು ಆಗಲ್ಲ. ಮುಂದಿನ ಸರದಿ ಮೂರು ವಾರ ಬಿಟ್ಟು."

ಜಲಜಾಳ ಕಣ್ಣ ಮುಂದೆ ಮೂರು ವಾರದ ಖಿಚಡಿ ಗೋಪುರವಾಗಿ ನಿಂತಿತು. ಒಂದು ಕಡೆ ಅದು. ಇನ್ನೊಂದು ಕಡೆ ಬಿಸಿಲಲ್ಲಿ ಸ್ಕೂಟರು ಹತ್ತಿಸಿ ತಂದ ನೆರೆಯಾಕೆ. ಮೂರು ವರ್ಷದ ಸ್ನೇಹ. ಭಾಷೆ ಬಾರದ ಊರಿನಲ್ಲಿ ಮೊದಲ ದಿನ ಚಹಾ ತಂದುಕೊಟ್ಟ ಕೈ. ಆ ಕೈಯ ಢೋಕಳಾವನ್ನು ಏನು ಮಾಡಿದೆನೆಂದು ಹೇಳಬೇಕು. ಜನ್ಮದಲ್ಲಿ ಯಾರ ಮನಸ್ಸನ್ನೂ ನೋಯಿಸದೆ ತನ್ನದನ್ನು ನುಂಗಿಕೊಂಡು ಬಂದವಳು, ನುಂಗದೇ ಇದ್ದ ಒಂದೇ ಒಂದು ತುತ್ತಿನ ಲೆಕ್ಕ ಈಗ ಒಪ್ಪಿಸಬೇಕಿತ್ತು.

"ನಾನು... ನುಂಗಿಲ್ಲ" ಎಂದಳು ಮೆಲ್ಲಗೆ. "ಬಚ್ಚಲಲ್ಲಿ ಉಗುಳಿದೆ."

ಕೃಪಾಬೆನ್ ಕಪ್ಪು ಕನ್ನಡಕ ತೆಗೆದರು. "ನನ್ನ ಢೋಕಳಾನ?"

"ಹೌದು."

"ಬಚ್ಚಲಲ್ಲಿ?"

"ನಾಲ್ಕು ಸಲ ಮುಕ್ಕಳಿಸಿದೆ" ಎಂದು ಜಲಜಾ ಅರ್ಚಿತಾಳ ಕಡೆ ತಿರುಗಿ ಸೇರಿಸಿದಳು. ಆ ಮಾತು ಕೃಪಾಬೆನ್‌ಗೆ ಉಗುಳಿದ್ದಕ್ಕಿಂತ ಹೆಚ್ಚು ತಾಗಿದಂತಿತ್ತು. ಅವರು ಹೋಗಿ ಮೂಲೆಯ ಕುರ್ಚಿಯಲ್ಲಿ ಕೂತು, ಗೋಡೆಯ ಮೇಲಿದ್ದ ಕರುಳಿನ ಚಿತ್ರವನ್ನು ನೋಡತೊಡಗಿದರು.

ಅರ್ಚಿತಾ ಒಳಗೆ ಡಾಕ್ಟರನ್ನು ಕೇಳಿ ಬಂದು ಒಪ್ಪಿದಳು. ಜಲಜಾ ಕೊಟ್ಟದ್ದನ್ನು ಕುಡಿದಳು, ಕಾದಳು, ಊದು ಎಂದಾಗ ಊದಿದಳು. ಎರಡು ತಿಂಗಳ ಸಪ್ಪೆ ಬದುಕನ್ನೆಲ್ಲ ಆ ಚೀಲಕ್ಕೆ ತುಂಬಿದಳು. "ಸಾಕು ಆಂಟಿ, ಒಡೆಯುತ್ತೆ" ಎಂದಳು ಅರ್ಚಿತಾ.

ಆಮೇಲಿನ ಅರ್ಧ ಗಂಟೆ! ಜಲಜಾ ಕೂತಳು, ಎದ್ದಳು, ನೀರಿನ ಯಂತ್ರದವರೆಗೆ ಹೋಗಿ ಬಂದಳು. ಕೃಪಾಬೆನ್ ಕರುಳಿನ ಚಿತ್ರದಿಂದ ಯಕೃತ್ತಿನ ಚಿತ್ರಕ್ಕೆ ದಾಟಿದರು. ಕೊನೆಗೆ ಡಾಕ್ಟರು ಕರೆದರು. ಕಾಗದ ನೋಡಿ, ಮತ್ತೆ ನೋಡಿ, ನಕ್ಕರು.

"ನೆಗೆಟಿವ್. ಬ್ಯಾಕ್ಟೀರಿಯಾ ಹೋಗಿದೆ."

"ನಿಜವಾಗ್ಲೂ?" ಜಲಜಾ ಕುರ್ಚಿಯ ತುದಿಗೆ ಬಂದಳು. "ಎಲ್ಲಾ ತಿನ್ನಬಹುದಾ? ಖಾರ?"

"ನಿಧಾನವಾಗಿ ಶುರು ಮಾಡಿ. ಇವತ್ತು ಒಂದು ಚಮಚ ತಿಂದರೆ ಏನಾಗಲ್ಲ."

ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದ ಕೃಪಾಬೆನ್ ಮುನಿಸನ್ನೆಲ್ಲ ಕುರ್ಚಿಯಲ್ಲೇ ಬಿಟ್ಟು ಒಳಗೆ ನುಗ್ಗಿದರು. "ಮೊಸರಿಂದಲೇ ಅಲ್ವಾ ಡಾಕ್ಟರ್ ಸಾಹೇಬ್? ಕ್ಯಾಪ್ಸೂಲಿನ ಮೊಸರು!"

"ಗುಳಿಗೆಯಿಂದ" ಎಂದರು ಡಾಕ್ಟರು. "ಕ್ಯಾಪ್ಸೂಲು ಜೊತೆಗಾರ ಅಷ್ಟೆ. ಮೊಸರು ತಿಂದು ಯಾರ ಎಚ್. ಪೈಲೋರಿಯೂ ಹೋಗಲ್ಲ. ಹೊಟ್ಟೆ ಉರಿಯುವವರು ಬಂದು ತೋರಿಸಲಿ."

"ಹಾಂ, ಹಾಂ" ಎಂದು ಕೃಪಾಬೆನ್ ತಲೆಯಾಡಿಸಿ, ಹೊರಗೆ ಬಂದೊಡನೆ ಗುಂಪಿಗೆ ಬರೆದರು: 'ಜಲಜಾಬೆನ್ ಪಾಸ್! ಮೊಸರಿಗೆ ಜಯವಾಗಲಿ.'

ಸ್ಕೂಟರು ಹತ್ತುವ ಮೊದಲು ಅವರು ಜಲಜಾಳ ಮುಂದೆ ಬೆರಳೆತ್ತಿದರು. "ಢೋಕಳಾದ ತಪ್ಪಿಗೆ ದಂಡ ಇದೆ. ಇವತ್ತು ನೀವು ಬಾಯಿ ತೆಗೆದು ತಿನ್ನೋ ಮೊದಲ ತುತ್ತು ನನ್ನ ಕೈಯದು. ನನ್ನೆದುರಿಗೇ ನುಂಗಬೇಕು."

"ಆಯ್ತು, ಆಯ್ತು!" ಎಂದಳು ಜಲಜಾ. ಆ ಕ್ಷಣ ಅವಳು ಸ್ಕೂಟರನ್ನೇ ನುಂಗು ಎಂದರೂ ಒಪ್ಪುತ್ತಿದ್ದಳು. ಕೃಪಾಬೆನ್ ತುತ್ತು ಒಂದು ನಿಮಿಷದ ಕೆಲಸ. ಆಮೇಲೆ ಹಂಚಿಟ್ಟು, ರೊಟ್ಟಿ ಬಡಿದು...

ಮನೆಗೆ ಬಂದವಳೇ ಕಾಲು ತೊಳೆಯದೆ ಫ್ರಿಜ್ಜಿಗೆ ಕೈ ಹಾಕಿದಳು. ಹಾಲಿನ ಪೊಟ್ಟಣದ ಹಿಂದೆ, ಕೊತ್ತಂಬರಿಯ ಹಿಂದೆ, ಅತಿ ಹಿಂದಿನ ಮೂಲೆಯಲ್ಲಿ ಬೆರಳಿಗೆ ಬರೀ ತಂಪು ತಾಗಿತು.

ಭರಣಿ ತೊಳೆಯುವ ತೊಟ್ಟಿಯಲ್ಲಿತ್ತು. ಫಳಫಳ ಹೊಳೆಯುತ್ತಿತ್ತು.

"ಅಪೂರ್ವಾ!"

ಮಗಳು ಇಯರ್‌ಫೋನಿನ ಒಂದು ಕಿವಿ ಬಿಚ್ಚಿ ಬಂದಳು. "ಅಮ್ಮಾ, ರಿಪೋರ್ಟ್?"

"ರಿಪೋರ್ಟ್ ಚಲೋ ಬಂತು. ಇದರಾಗ ಇದ್ದದ್ದು ಎಲ್ಲೆ?"

"ವೋ? ವಾಟಕಿ ಖಾಲಿ ಕೊಡಬಾರ್ದು ಅಂದಿ ನಾ ನೀನೇ? ಏಳು ವಾಟಕಿ ಥಾ. ಮೊಸರು ಖತಮ್, ಲಡ್ಡೂ ಇಲ್ಲ. ಫ್ರಿಜ್ ಮೆ ಪೀಛೆ ಅದು ಇತ್ತು. ಬರಾಬರ್ ಏಳು ವಾಟಕಿ ಆಯ್ತು!" ಅಪೂರ್ವಳ ಮುಖದಲ್ಲಿ ಹೊಗಳಿಕೆಗೆ ಕಾಯುವ ಬೆಳಕಿತ್ತು. "ಜಾರ್ ಭೀ ತೊಳದೆ."

"ಅದು ರಂಜಕ ಅವ್ವಿ..."

"ಹಾಂ, ಖಾರ. ಪಪ್ಪಾ ತಿನ್ನಲ್ಲ, ನಾನು ತಿನ್ನಲ್ಲ, ನಿಂಗೆ ಡಾಕ್ಟರ್ ಮನಾ ಮಾಡಿದಾರೆ. ಯಾರಿಗೂ ಬೇಡ ಅಂತ ಅನ್ಕೊಂಡೆ." ಅವಳು ಅಮ್ಮನ ಮುಖ ನೋಡಿ ನಿಧಾನವಾದಳು. "ನಿಂಗೆ ಬೇಕಿತ್ತಾ? ನೀನು ಬೋಲೀ ಹೀ ನಹೀ, ಹೇಳ್ಲೇ ಇಲ್ಲ."

ಹುಡುಗಿ ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ.

ಕೊಟ್ಟದ್ದನ್ನು ವಾಪಸ್ಸು ಕೇಳುವುದು ಎಲ್ಲಿಯ ಪದ್ಧತಿಯೂ ಅಲ್ಲ. ಆದರೆ ಕಮಲಾಕ್ಷಿ ಊರಿನ ಕಡೆಯವಳು. ಅವಳಲ್ಲಿ ನಾಚಿಕೆ ಏನು? ಜಲಜಾ ಮೊಬೈಲು ಎತ್ತಿದಳು. ಬಾಯಿಬಿಟ್ಟು ಕೇಳಿಯೇಬಿಡುವುದೆಂದು ಉಸಿರು ಬಿಗಿಹಿಡಿದಳು.

"ಕಮಲಾಕ್ಷಿ, ನಿಮ್ಮ ಮನಿಗೆ ಬಂದ ರಂಜಕದಾಗ ನನಗ ಒಂದು ಚಮಚಾ ಬೇಕಿತ್ತು. ಭಾಳ ಆಶಾ ಆಗೇದ್ರಿ."

"ಅಯ್ಯೋ, ಅದಾ? ಎಷ್ಟು ಚೆನ್ನಾಗಿದೆ ರೀ ಈಗ! ಮೊದ್ಲು ನಾಲಿಗೆಗೆ ಇಟ್ಟು ಕುಣಿದಾಡಿಬಿಟ್ಟೆ. ಆಮೇಲೆ ಕೃಪಾಬೆನ್ ಅತ್ತೆ ಗುಂಪಲ್ಲಿ ದನಿ ಸಂದೇಶ ಕಳಿಸಿದ್ರಲ್ಲ, ಅದರ ಪ್ರಕಾರವೇ ಮಾಡ್ದೆ. ಎಲ್ರೂ ಮಾಡಿದಾರೆ."

"ಏನ ಮಾಡಿದಿರಿ?"

ಆಗಲೇ ಕರೆಗಂಟೆ ಸದ್ದು ಮಾಡಿತು. ಅಪೂರ್ವ ಬಾಗಿಲು ತೆಗೆದಳು. ಕೃಪಾಬೆನ್ ಕೈಯಲ್ಲಿ ವಾಟಕಿ, ವಾಟಕಿಯಲ್ಲಿ ಚಮಚ, ಅವರ ಬೆನ್ನಿಗೆ ಮಹಡಿಯ ನಾಲ್ಕಾರು ಹೆಂಗಸರು, ಅವರ ನಡುವೆ ಕೋಲೂರಿದ ಬಾ. ಕೆಂಪನೆಯದೇನೋ ಗೋಂದಿನ ಹಾಗೆ ಮಿರಮಿರ ಮಿಂಚುತ್ತಿತ್ತು.

"ಏನು ಜಲಜಾಬೆನ್, ಬಿಳಿ ಔಷಧಿ ಆದ ಮೇಲೆ ಕೆಂಪು ಔಷಧಿನೂ ಕಳಿಸಿದ್ದೀರಿ, ಒಂದು ಮಾತು ಹೇಳಬಾರದಾ? ನಮ್ಮ ಬಾ ನೆಕ್ಕಿ ಎರಡು ಲೋಟ ಮಜ್ಜಿಗೆ ಕುಡಿದರು. ಆದರೆ ಔಷಧಿ ಬಿಸಾಡಬಾರದು ಅಂತ ಅವರೇ ದಾರಿ ಹುಡುಕಿದರು. ತುಪ್ಪದಲ್ಲಿ ಹುರಿದು ಬೆಲ್ಲ ಹಾಕಿದರು. ಒಂದಕ್ಕೆ ಎರಡರಷ್ಟು. ಈಗ ಮಕ್ಕಳೂ ಥೇಪ್ಲಾ ರೊಟ್ಟಿಗೆ ಹಚ್ಚಿಕೊಂಡು ತಿಂತಿದ್ದಾರೆ!"

ಜಲಜಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಏಳೂ ಮನೆಯಲ್ಲಿ... ಬೆಲ್ಲ?"

"ಏಳೂ ಮನೆಯಲ್ಲಿ!" ಕೃಪಾಬೆನ್ ಚಮಚ ತುಂಬ ಎತ್ತಿದರು. "ದಂಡ ನೆನಪಿದೆ ತಾನೆ? ಚಾಲೋ, ಬಾಯಿ ತೆಗೀರಿ. ಕೆನ್ನೆಯಲ್ಲಿ ಇಟ್ಕೊಳ್ಳೋ ಹಾಗಿಲ್ಲ. ಇವತ್ತು ನಿಮ್ಮ ಬಚ್ಚಲ ಬಾಗಿಲಿಗೆ ಬಾ ಅವರನ್ನೇ ನಿಲ್ಲಿಸ್ತೀನಿ."

ಜಲಜಾ ಬಾಯಿ ತೆರೆದಳು. ಮೊದಲು ಬೆಲ್ಲ ಬಂತು, ಅದರ ಹಿಂದೆ ತುಪ್ಪ, ಅದರ ಹಿಂದೆ ಇನ್ನಷ್ಟು ಬೆಲ್ಲ. ಎಲ್ಲೋ ಬಹಳ ದೂರದಲ್ಲಿ, ರೈಲಿನ ಕಿಟಕಿಯಿಂದ ಕೈಬೀಸಿ ಮರೆಯಾಗುವ ನೆಂಟರ ಹಾಗೆ, ಒಂದು ಚೂರು ಮೆಣಸಿನಕಾಯಿ ಸುಳಿದು ಹೋಯಿತು. ಅವಳು ಎಲ್ಲರ ಕಣ್ಣೆದುರಿಗೆ ನುಂಗಿದಳು. ಕಣ್ಣಲ್ಲಿ ನೀರು ತುಂಬಿತು.

"ನೋಡಿ, ಎಷ್ಟು ಖುಷಿಯಾಗಿದೆ!" ಎಂದು ಹೆಂಗಸರು ಚಪ್ಪಾಳೆ ತಟ್ಟಿದರು.

ಬಾ ಕೋಲೂರಿ ಒಂದು ಹೆಜ್ಜೆ ಮುಂದೆ ಬಂದು, ಜಲಜಾಳ ಗಲ್ಲ ಹಿಡಿದು, ಗುಜರಾತಿಯಲ್ಲಿ ಏನೋ ಕೇಳಿದರು. ಅಪೂರ್ವ ಅಮ್ಮನಿಗೆ ಅದನ್ನು ತನ್ನ ಕನ್ನಡದಲ್ಲಿ ಹೇಳಿದಳು.

"ಅಮ್ಮಾ, ಬಾ ಪೂಛ್ ರಹೀ ಹೈ, ಬೆಲ್ಲ ಥೋಡಾ ಕಮ್ಮಿ ಆಯ್ತಾ ಅಂತ."